ಮನೆಮುರುಕನ ಚೌಕ

ಬಿಳಿಗುಂಡಿ ಪಟ್ಟಣದ ಹಳೇಪೇಟೆಗೆ ಮೊದಲ ಸಲ ಬಂದವರು ದಾರಿ ಕೇಳಿದರೆ ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ, "ಸೀದಾ ಮನೆಮುರುಕನ ಚೌಕಕ್ಕ ಹೋಗ್ರಿ, ಅಲ್ಲಿಂದ ಬಲಕ್ಕ" ಎನ್ನುತ್ತಾರೆ. ಕೇಳಿದವರು ಕಕ್ಕಾಬಿಕ್ಕಿಯಾಗುತ್ತಾರೆ. ಹಗೆಯವರಿಗೂ ಆಡಲು ಹಿಂಜರಿಯುವ ಬೈಗುಳ ಊರಿನ ನಟ್ಟನಡುವಿನ ಜಾಗಕ್ಕೆ ಹೆಸರಾಗಿ ನಿಂತಿದೆ. ಈಚೆಗೆ ಪುರಸಭೆಯವರು ಹಳೇಪೇಟೆಗೆ ಮತ್ತೆ ಕಳೆ ತರಬೇಕೆಂದು ಚೌಕಕ್ಕೆ ಹಾಸುಗಲ್ಲು ಹಾಕಿಸಿದರು, ದೀಪದ ಕಂಬ ನೆಡಿಸಿದರು, ಜೊತೆಗೆ ಒಂದು ಮರ್ಯಾದೆಯ ಹೆಸರನ್ನೂ ಇಡೋಣವೆಂದು ಸಭೆ ಕರೆದರು. ಬೇಡವೆಂದು ಮೊದಲು ಎದ್ದು ನಿಂತವರು ಆ ಮನೆಮುರುಕನ ವಂಶದವರೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಆಳ್ವಿಕೆಯಲ್ಲಿದ್ದಾಗ, ಬಿಳಿಗುಂಡಿಯ ಪೇಟೆ ಹತ್ತಿ ಮತ್ತು ಕುಸುಬೆಯ ವ್ಯಾಪಾರಕ್ಕೆ ಹೆಸರಾಗಿತ್ತು. ಆದರೆ ಕಾಲ ಸರಿದಂತೆ ಬೀದಿಯ ಎರಡೂ ಸಾಲಿನವರು ತಮ್ಮ ಜಗಲಿಗಳನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಂದರು. ಒಳಗೆ ಹೋದ ಗಾಡಿ ತಿರುಗುವಂತಿರಲಿಲ್ಲ. ದೂರದ ವ್ಯಾಪಾರಿಗಳು ಬೇಸತ್ತು ಬೇರೆ ಊರುಗಳ ದಾರಿ ಹಿಡಿದರು, ಅಂಗಡಿಗಳು ಒಂದೊಂದಾಗಿ ಕದ ಹಾಕಿದವು. ಹೀಗಿರುವಾಗ ಒಂದು ಬೇಸಿಗೆಯ ಮಧ್ಯಾಹ್ನ ಕಮ್ಮಾರನ ಕುಲುಮೆಯ ಕಿಡಿ ಹಾರಿ ಹತ್ತಿ ಹೇರಿದ ಗಾಡಿಯೊಂದಕ್ಕೆ ಬೆಂಕಿ ಹತ್ತಿತು. ಹಿಂದೆ ಮುಂದೆ ಗಾಡಿಗಳು. ಗಾಡಿಯವನನ್ನು ಜನ ಎಳೆದುಕೊಂಡರು, ಆದರೆ ನೊಗದಲ್ಲಿದ್ದ ಎತ್ತುಗಳನ್ನು ಬಿಡಿಸಲಾಗಲಿಲ್ಲ. ಅವು ಬೀದಿಯ ನಡುವೆ, ಎಲ್ಲರ ಕಣ್ಣೆದುರಿಗೆ, ನಿಂತಲ್ಲೇ ಸುಟ್ಟುಹೋದವು. ಅಂದು ಪೇಟೆಯಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಸುದ್ದಿ ತಿಳಿದ ದೇಸಾಯರು, ಮುಂದಿನ ಸುಗ್ಗಿಯೊಳಗೆ ಗಾಡಿ ತಿರುಗಲು ಜಾಗ ಮಾಡದಿದ್ದರೆ ಪೇಟೆಯನ್ನೇ ಕೋಟೆಯ ಕೆಳಗಿನ ಬಯಲಿಗೆ ಸಾಗಿಸುವುದಾಗಿ ಹೇಳಿ ಕಳಿಸಿದರು.

ಪೇಟೆಯ ಆಡಳಿತ ನೋಡುತ್ತಿದ್ದವನು ಪಟ್ಟಣಶೆಟ್ಟಿ ಅಂದಾನಪ್ಪ. ನಾಲ್ಕು ಬೀದಿ ಸೇರುವಲ್ಲಿ ಅವನ ಕಂಬಸಾಲೆಯ ದೊಡ್ಡ ಮನೆ. ತಾಯಿ ಗುರುಸಿದ್ದವ್ವ, ತಮ್ಮ ಕೊಟ್ರಪ್ಪ ಹಾಗೂ ಇಬ್ಬರ ಸಂಸಾರಗಳೂ ಅದರಲ್ಲೇ ಇದ್ದವು. ಅಂದಾನಪ್ಪ ಬಸವಣ್ಣನ ಗುಡಿಯ ಮುಂದೆ ವ್ಯಾಪಾರಿಗಳನ್ನು ಕೂಡಿಸಿದ. ಪ್ರತಿಯೊಬ್ಬನೂ ಬೀದಿ ಅಗಲವಾಗಲೇಬೇಕೆಂದ, ಆದರೆ ಎದುರು ಸಾಲಿನಿಂದ ಎಂದ. ಕೊನೆಗೆ ಅಂದಾನಪ್ಪ, ಬಳೆಗಾರರ ಮತ್ತು ಎಲೆ ಮಾರುವವರ ಜಗಲಿಗಳನ್ನು ಮೊದಲು ಕೀಳಬೇಕೆಂದು ತೀರ್ಮಾನ ಹೇಳಿದ. ಅವರು ಬಡವರು, ಬಾಯಿ ತೆರೆಯಲಿಲ್ಲ. ಆಗ ಹೆಂಗಸರ ಗುಂಪಿನಿಂದ ಗುರುಸಿದ್ದವ್ವ ಎದ್ದಳು.

"ಅಂದಾನಿ, ಬಳಿಗಾರನ ಜಗಲಿ ಕಿತ್ತರ ಗಾಡಿ ತಿರುಗೂದಿಲ್ಲಪಾ" ಎಂದಳು. "ಗಾಡಿ ತಿರುಗೂ ಜಾಗದಾಗ ನಾವು ಅಡಗಿ ಮಾಡಾಕತ್ತೀವಿ."

ಅಂದಾನಪ್ಪನಿಗೆ ಅರ್ಥವಾಗಲಿಲ್ಲ. ತಾಯಿ ಬಿಡಿಸಿ ಹೇಳಿದಳು. ತಾನು ಸೊಸೆಯಾಗಿ ಬಂದಾಗ ಆ ಮನೆ ಇರಲೇ ಇಲ್ಲ, ಅದು ಊರಿಗೆಲ್ಲ ಸೇರಿದ ಬಯಲಾಗಿತ್ತು. ದೊಡ್ಡ ಬೇನೆ ಬಂದು ಊರು ಖಾಲಿಯಾದ ವರ್ಷ ಆಗ ಪಟ್ಟಣಶೆಟ್ಟಿಯಾಗಿದ್ದ ತನ್ನ ಮಾವ ಅಲ್ಲಿ ಗೋಡೆ ಎಬ್ಬಿಸಿದ. ಜನ ಮರಳಿ ಬರುವ ಹೊತ್ತಿಗೆ ಮನೆ ನಿಂತಿತ್ತು, ಪಟ್ಟಣಶೆಟ್ಟಿಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ತಾನು ಹುಟ್ಟಿ ಬೆಳೆದ ಮನೆಯೇ ಊರಿನ ಕೊರಳು ಹಿಸುಕುತ್ತಿದೆ ಎಂಬುದನ್ನು ಅಂದಾನಪ್ಪ ಆ ಗಳಿಗೆಯವರೆಗೆ ಕನಸಿನಲ್ಲೂ ನೆನೆಸಿರಲಿಲ್ಲ.

"ನೀ ಎಲ್ಲಿ ಇರ್ತೀ ಅವ್ವಾ?" ಎಂದಷ್ಟೇ ಕೇಳಿದ.

"ನೀ ಇದ್ದಲ್ಲಿ" ಎಂದಳು ಆಕೆ.

ಅವನು ಸಭೆಯನ್ನು ಮುಗಿಸಲೂ ಇಲ್ಲ. ನೇರವಾಗಿ ಹೋಗಿ, ಕಲ್ಲುಕುಟಿಗನೊಬ್ಬನ ಕೈಯಿಂದ ಹಾರೆ ತೆಗೆದುಕೊಂಡು, ತನ್ನ ಮನೆಯ ಪಡಸಾಲೆಯ ಗೋಡೆಗೆ ಹಾಕಿದ. ಹಿಂದೆ ಬಂದ ಜನ ತಡೆಯಲೂ ಇಲ್ಲ, ಕೈ ಹಚ್ಚಲೂ ಇಲ್ಲ. ಕಣ್ಣನ್ನು ನಂಬದವರಂತೆ ನೋಡುತ್ತ ನಿಂತರು. ಒಳಗಿನಿಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿ ಬಂದರು. ಕೊಟ್ರಪ್ಪ ಅಣ್ಣನ ತೋಳು ಹಿಡಿದ. "ಅಣ್ಣಾ, ನನ್ನ ಮಗಳನ್ನ ನೋಡಾಕ ಇದ ವಾರ ಬೀಗರು ಬರೋರದಾರ. ಅಜ್ಜ ಮಾಡಿದ್ದಕ್ಕ ನನ್ನ ಮಗಳನ್ನ ಬೀದ್ಯಾಗ ನಿಲ್ಲಸ್ತೀಯೇನು?" ಎಂದ. ಅಂದಾನಪ್ಪ, "ಆ ಎತ್ತುಗಳೂ ಬೀದ್ಯಾಗ ನಿಂತಿದ್ದವಲ್ಲೋ ತಮ್ಮಾ" ಎಂದು ಮತ್ತೆ ಹಾರೆ ಎತ್ತಿದ. ಗೋಡೆ ಕುಸಿಯಿತು. ಧೂಳು ಇಳಿದ ಮೇಲೆ ಕೊಟ್ರಪ್ಪ ಮೆಲ್ಲನೆಯ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಮನೆಮುರುಕ" ಎಂದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಆ ಸಂಜೆಯೇ ಊರು ಬಿಟ್ಟ.

ಮರುದಿನ ಯಾರ ಅಪ್ಪಣೆಯೂ ಇಲ್ಲದೆ ಎರಡೂ ಸಾಲಿನವರು ತಮ್ಮ ತಮ್ಮ ಜಗಲಿ ಕಿತ್ತರು. ಮಳೆ ಬರುವ ಮೊದಲೇ ಮನೆ ಪೂರ್ತಿ ಬಯಲಾಗಿ ಬೀದಿ ತೆರವಾಯಿತು, ಸುಗ್ಗಿಗೆ ಗಾಡಿಗಳು ಸಾಲಾಗಿ ಬಂದವು, ಪೇಟೆ ಉಳಿಯಿತು. ಅಂದಾನಪ್ಪ ತನ್ನ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ತಾಯಿ, ಹೆಂಡತಿ, ಮಕ್ಕಳೊಂದಿಗೆ ಬದುಕಿದ. ಜನ ಆ ಬಯಲನ್ನು ಶೆಟ್ಟಿಯ ಚೌಕವೆಂದು ಕರೆಯಹೊರಟಾಗ ಅವನು ಒಪ್ಪಲಿಲ್ಲ. "ನನ್ನ ತಮ್ಮ ಇಟ್ಟ ಹೆಸರು ಐತಿ. ಅದನ್ನ ಕರೀರಿ. ಅವನದು ಅಂತ ಇಲ್ಲಿ ಉಳಿದದ್ದು ಅದೊಂದ" ಎಂದ.

ವರ್ಷಗಳು ಉರುಳಿ, ಗುರುಸಿದ್ದವ್ವ ತೀರಿಕೊಂಡ ಮೇಲೆ, ಒಂದು ಬೆಳಗ್ಗೆ ಕುಸುಬೆ ಹೇರಿದ ಗಾಡಿಯೊಂದು ಚೌಕಕ್ಕೆ ಬಂತು. ಹೊಡೆಯುತ್ತಿದ್ದವನು ಕೊಟ್ರಪ್ಪ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂದಾನಪ್ಪ ಅಂಗಡಿಯಿಂದ ಇಳಿದು ಬಂದ. ಕೊಟ್ರಪ್ಪ ಗಾಡಿಯನ್ನು ಸಲೀಸಾಗಿ ಒಂದು ಸುತ್ತು ತಿರುಗಿಸಿದ. ಮೂಡಣ ಮೂಲೆಗೆ ಬರುತ್ತಿದ್ದಂತೆ ಹಗ್ಗ ಜಗ್ಗಿ ಎತ್ತುಗಳನ್ನು ಪಕ್ಕಕ್ಕೆ ಹೊರಳಿಸಿದ. ಆ ಮೂಲೆಯನ್ನೇಕೆ ಬಿಟ್ಟೆ ಎಂದು ಅಣ್ಣ ಕೇಳಿದ್ದಕ್ಕೆ, "ಅಲ್ಲಿ ಅವ್ವನ ಕೋಣಿ ಇತ್ತಲ್ಲ" ಎಂದ. ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತು ಬಹಳ ಹೊತ್ತು ಅತ್ತರು ಎನ್ನುತ್ತಾರೆ.

ಇಂದು ಆ ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಳ್ಳುಗಾಡಿ, ಸರಕಿನ ಆಟೊ, ಹೂವಿನ ಬುಟ್ಟಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಆದರೆ ಮೂಡಣ ಮೂಲೆಯಲ್ಲಿ ಕೋಣೆಯಷ್ಟು ಅಗಲದ ನೆಲ ಸಂತೆಯ ದಿನವೂ ಬರಿದಾಗಿರುವುದನ್ನು ಬಂದವರು ನೋಡಬಹುದು. ಅಲ್ಲಿ ಗೆರೆಯಿಲ್ಲ, ಬೇಲಿಯಿಲ್ಲ. ತಿಳಿಯದ ಯಾರಾದರೂ ಬುಟ್ಟಿ ಇಳಿಸಿದರೆ ಪಕ್ಕದವರು ಗದರಿಸುವುದಿಲ್ಲ, ತಮ್ಮ ಸಾಮಾನನ್ನೇ ಕೊಂಚ ಸರಿಸಿ, "ಈ ಕಡಿ ಬಾರವ್ವ, ಅಲ್ಲಿ ಹಿರ್ಯಾಕಿ ಮಲಗ್ಯಾಳ" ಎನ್ನುತ್ತಾರೆ.