ಟಗರಿನ ಪಾಲು, ಮಗಳ ಪಾಲು

"ಅಜ್ಜಾರೆ, ಸೋಮವಾರ ಕೋರ್ಟಿನಲ್ಲಿ ನನ್ನ ಮಗಳ ಜೀವನಾಂಶದ ಮಾತು ಬರುತ್ತದೆ. ನಾನು ಮಠ ಸೇರಿದವನು, ನನ್ನದೆಂಬುದು ಏನೂ ಇಲ್ಲ ಎಂದು ಜಡ್ಜ್ ಸಾಹೇಬರಿಗೆ ಹೇಳಿಬಿಟ್ಟರೆ ತಪ್ಪೆ?"

ಕೇಳಿದವನು ಶಿಷ್ಯ ಮಹಾರುದ್ರ. ಹೆಂಡತಿಯಿಂದ ಬೇರೆಯಾಗಿ, ಹೊಲವನ್ನು ಅಣ್ಣನ ಹೆಸರಿಗೆ ಬರೆದುಕೊಟ್ಟು ಮಠಕ್ಕೆ ಬಂದವನು. ಅಂಗಳದಲ್ಲಿ ತನ್ನ ಮೋಟರ್‌ಸೈಕಲ್ಲನ್ನು ಒರೆಸುತ್ತ ಕೇಳಿದ.

ಮಠದ ಅಜ್ಜನವರು ನಕ್ಕರು. "ಇಂಥ ಪ್ರಶ್ನೆ ಕೇಳಲು ಕಾಶಿಯ ಪಂಡಿತರೂ ನನ್ನ ಹತ್ತಿರವೇ ಹೊರಡುತ್ತಾರೆ. ದಾರಿ ತಪ್ಪುವುದರಿಂದ ಇನ್ನೂ ಯಾರೂ ಬಂದು ಮುಟ್ಟಿಲ್ಲ, ಅಷ್ಟೆ. ಕೇಳು ತಮ್ಮಾ."

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಬಳಿ ಕಾಳಗದ ಟಗರೊಂದಿತ್ತು. ಅದು ಅರಚಿದರೆ ಮೂರು ಊರಿನಾಚೆ ಗಡಿಗೆಯಲ್ಲಿದ್ದ ಹಾಲು ಒಡೆಯುತ್ತಿತ್ತು. ನನ್ನನ್ನು ಕಂಡರೆ ಮಾತ್ರ ಸುಮ್ಮನೆ ಮುಂದೆ ಹೋಗುತ್ತಿತ್ತು. ನಾನು ಮರದ ಮೇಲಿರುತ್ತಿದ್ದೆ ಎಂಬುದು ಬೇರೆ ಮಾತು.

ವ್ಯಾಪಾರಿಗೂ ಹೆಂಡತಿಗೂ ಕೂಡಿಬರಲಿಲ್ಲ. ಬೇರೆಯಾದರು. ಮಗಳು ತಾಯಿಯ ಹಿಂದೆ ಹೋದಳು. ಮಗುವಿಗೆ ಏನು ಕೊಡುತ್ತೀ ಎಂದು ಊರ ಹಿರಿಯರು ಅವನನ್ನು ಕರೆಸಿ ಕೇಳಿದರು. ವ್ಯಾಪಾರಿ ಹರಿದ ಅಂಗಿ ತೊಟ್ಟು ಬಂದಿದ್ದ.

"ಎಲ್ಲಿಂದ ಕೊಡಲಿ ಹಿರಿಯರೆ? ಬೆಲ್ಲದ ದರ ನೆಲ ಕಚ್ಚಿದೆ. ಗಂಜಿಗೂ ಗತಿಯಿಲ್ಲ."

"ಪಾಪ," ಎಂದರು ಒಬ್ಬ ಹಿರಿಯರು. "ಹಾಗಾದರೆ ಟಗರೂ ಬಡಕಲಾಗಿರಬೇಕು."

ವ್ಯಾಪಾರಿಗೆ ಆ ಮಾತು ತಡೆದುಕೊಳ್ಳಲಾಗಲಿಲ್ಲ. "ನನ್ನ ಟಗರೆ? ದಿನವೂ ತಂಬಿಗೆ ತುಂಬ ಹಾಲು, ಮೇಲೆ ಮೊಟ್ಟೆ, ನೆನೆಸಿದ ಬಾದಾಮಿ. ಹುರುಳಿಯಂತೂ ಲೆಕ್ಕಕ್ಕೇ ಇಲ್ಲ. ಸುತ್ತಲ ಊರಲ್ಲಿ ಯಾವನಾದರೂ ಹೀಗೆ ಸಾಕಿದ್ದರೆ ತೋರಿಸಿ."

ಆಮೇಲೆ ಹಿರಿಯರು ತೀರ್ಪು ಕೊಟ್ಟರು. ಟಗರಿಗೆ ಏನು ಹಾಕುತ್ತಾನೋ ಅಷ್ಟೇ ಮಗಳ ಮನೆಗೂ ಮುಟ್ಟಬೇಕು. ಮೊದಲು ಮಗಳಿಗೆ, ಆಮೇಲೆ ಟಗರಿಗೆ. ತಪ್ಪಿದರೆ ಅವನ ಟಗರಿಗೆ ಯಾರೂ ಹಲಗೆ ಬಾರಿಸಕೂಡದು. ಹಲಗೆಯ ಸದ್ದಿಲ್ಲದೆ ಟಗರನ್ನು ಕಣಕ್ಕಿಳಿಸುವ ಪದ್ಧತಿ ಆ ಸೀಮೆಯಲ್ಲೇ ಇರಲಿಲ್ಲ.

ವ್ಯಾಪಾರಿ ಮನೆಗೆ ಬಂದು ಯೋಚಿಸಿದ. ಟಗರಿಗೆ ಹಾಕಿದಷ್ಟು ಎಂದರಲ್ಲವೆ? ಮೊದಲು ಬಾದಾಮಿ ನಿಲ್ಲಿಸಿದ. ಆಮೇಲೆ ಮೊಟ್ಟೆ. ಆಮೇಲೆ ಹಾಲು. ಕೊನೆಗೆ ಮಗಳಿಗೆ ಒಂದು ಹಿಡಿ ಹುರುಳಿ, ಟಗರಿಗೆ ಒಂದು ಹಿಡಿ ಹುರುಳಿ. ತೀರ್ಪನ್ನು ಕೂದಲೆಳೆಯಷ್ಟೂ ಮೀರಲಿಲ್ಲ. ಇಂಥ ಜಾಣನನ್ನು ನಾನು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

ಟಗರಿನ ಪಕ್ಕೆಲುಬುಗಳು ಎದ್ದು ಕಂಡವು. ಕಾಳಗದ ಹಿಂದಿನ ದಿನ ಪರವೂರ ಜನ ಟಗರು ನೋಡಲು ಅವನ ಅಂಗಳಕ್ಕೆ ಬಂದರು. ಅದೇ ಹೊತ್ತಿಗೆ ಮಗಳೂ ಬಂದಳು. ಕೈಯಲ್ಲೊಂದು ಬಟ್ಟಲಿತ್ತು.

"ಅಪ್ಪಾ, ನಿನ್ನ ಹತ್ತಿರ ಹುರುಳಿ ಬಿಟ್ಟರೆ ಏನೂ ಉಳಿದಿಲ್ಲವಂತೆ. ನೀನು ಕಳಿಸಿದ್ದನ್ನೇ ಅವ್ವ ಬೇಯಿಸಿಕೊಟ್ಟಳು. ನಾನು ತಿಂದಿಲ್ಲ. ಅರ್ಧ ಟಗರಿಗೆ ಹಾಕು, ಅರ್ಧ ನೀನು ತಿನ್ನು."

ಬಂದವರು ಬೇರೆ ಕಡೆ ನೋಡಿದರು. ವ್ಯಾಪಾರಿಗೆ ಬಟ್ಟಲು ತೆಗೆದುಕೊಳ್ಳಲೂ ಆಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ. ಟಗರು ಮಾತ್ರ ಅವಳ ಕೈಯ ಬಟ್ಟಲಿಗೆ ಬಾಯಿ ಹಾಕಿತು. ಜನರ ಜೊತೆ ಬಂದಿದ್ದ ಹಲಗೆಯವನು ಮೆಲ್ಲಗೆ ಕೇಳಿದ, ನಾಳೆ ಬಾರಿಸಲೇ ಧಣಿ ಎಂದು. ತೀರ್ಪಿನ ಪ್ರಕಾರ ಬಾರಿಸಲು ಅಡ್ಡಿಯೇನೂ ಇರಲಿಲ್ಲ. ವ್ಯಾಪಾರಿ ತಲೆಯೆತ್ತದೆ, ಬೇಡ ಎಂದ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಆಮೇಲೆ ಹುಡುಗಿಗೆ ಹಾಲು ಹೋಯಿತೇ ಅಜ್ಜಾರೆ?"

"ಮರುದಿನದಿಂದಲೇ ಹೋಯಿತು. ಆದರೆ ಆಳಿನ ಕೈಲಿ ಕಳಿಸುತ್ತಿದ್ದ. ಮಗಳಿಗೆ ಮುಖ ತೋರಿಸಲು ಅವನಿಂದಾಗಲಿಲ್ಲ."

ಮಹಾರುದ್ರ ಒರೆಸುವ ಬಟ್ಟೆಯನ್ನು ಮಡಚಿದ, ಮತ್ತೆ ಬಿಡಿಸಿದ. "ಅವನಿಗಾದರೆ ಟಗರಿತ್ತು," ಎಂದ. "ನನ್ನ ಹತ್ತಿರ ಏನಿದೆ ಅಜ್ಜಾರೆ?"

"ಸೋಮವಾರ ಕೋರ್ಟಿಗೆ ಯಾವುದರ ಮೇಲೆ ಕೂತು ಹೋಗುತ್ತೀ ತಮ್ಮಾ?"