ಬಾಯಿ ಮುಚ್ಚಿಕೊಂಡ ಯಜಮಾನ ಡೊಂಕಪ್ಪ

ಮಕ್ಕಳೇ, ಒಂದು ಕುರುಚಲು ಕಾಡು. ಅದರ ನಡುವೆ ಜಾಲಿಕಟ್ಟೆ ಎಂಬ ಕೆರೆ. ಮಳೆಗಾಲದಲ್ಲಿ ಈ ಕೆರೆ ತಾನೇ ಸಮುದ್ರ ಎಂದು ಬೀಗುತ್ತಿತ್ತು. ಬೇಸಿಗೆ ಬಂತೆಂದರೆ ಬತ್ತಿ ಬತ್ತಿ ಬೋಗುಣಿಯಷ್ಟಾಗುತ್ತಿತ್ತು.

ಆ ಕೆರೆಯ ಏರಿಯ ಮೇಲೆ ಡೊಂಕಪ್ಪ ಎಂಬ ನಾಯಿ ಇದ್ದ. ಹಿಂದೊಮ್ಮೆ ಕುರಿಮಂದೆಯ ಜೊತೆ ಬಂದವನು, ಹೊಂಗೆ ಮರದ ನೆರಳು ಹಿತವಾಯಿತೆಂದು ಅಲ್ಲೇ ಉಳಿದುಬಿಟ್ಟಿದ್ದ. ಒಳ್ಳೆಯವನೇ. ಆದರೆ ಯಾರಾದರೂ ತನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ನಡಿಗೆಯೇ ಬದಲಾಗಿಬಿಡುತ್ತಿತ್ತು.

ಆ ವರ್ಷ ಬಿಸಿಲು ವಿಪರೀತವಾಯಿತು. ನೀರಿಗಾಗಿ ದಿನಾ ತಳ್ಳಾಟ, ದಿನಾ ಜಗಳ. ಕೊನೆಗೆ ಪ್ರಾಣಿಗಳೆಲ್ಲ ಸೇರಿ ಸರದಿ ಗೊತ್ತುಮಾಡಿದವು. ಬೆಳಕು ಹರಿಯುವಾಗ ಹಕ್ಕಿಗಳು, ಆಮೇಲೆ ಮೇಕೆ, ಮೊಲ, ಜಿಂಕೆ, ಹೀಗೆ.

"ಸರದಿ ಮಾಡಿದರೆ ಆಯಿತೇ? ನೋಡಿಕೊಳ್ಳುವವರು ಬೇಡವೇ?" ಎಂದಳು ಮಾಳಕ್ಕ ಎಂಬ ಎಮ್ಮೆ. "ಗಟ್ಟಿ ಗಂಟಲಿನವರು ಬೇಕು. ನಮ್ಮ ಡೊಂಕಪ್ಪನೇ ಆಗಲಿ."

ಎಲ್ಲರೂ ಒಪ್ಪಿದರು. ಡೊಂಕಪ್ಪ ಕೆರೆಯ ಯಜಮಾನನಾದ. 'ಅಂತೂ ಈ ಕಾಡಿಗೆ ಬುದ್ಧಿ ಬಂತು' ಎಂದುಕೊಂಡ.

ಮೊದಲ ದಿನ ಏರಿಯ ಮೇಲಿನ ಬಂಡೆ ಹತ್ತಿ ನಿಂತ. "ಸಾಲಾಗಿ ಬನ್ನಿ! ಕೊಂಬಿನವರು ಆಚೆ, ಮರಿಗಳು ಮುಂದೆ!" ಎಂದು ಕೂಗಿದ. ಕೆಲಸ ಚೆನ್ನಾಗಿಯೇ ನಡೆಯಿತು. ಬಿಸಿಲೇರಿದಂತೆ ಎಲ್ಲ ನಾಯಿಗಳ ಹಾಗೆ ಅವನೂ ನಾಲಿಗೆ ಇಳಿಬಿಟ್ಟು ತೇಕತೊಡಗಿದ.

ಆಗ ಸಣ್ಣವ್ವ ಎಂಬ ಮೇಕೆ ಹಾದುಹೋಗುತ್ತಾ ಹೇಳಿದಳು, "ಯಜಮಾನರೇ, ನಾಲಿಗೆ ಸ್ವಲ್ಪ ಎತ್ತಿಕೊಳ್ಳಿ. ದಾರಿಗೆ ಅಡ್ಡ ಬಂದಿದೆ, ತುಳಿದುಬಿಟ್ಟೇನು!"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡೊಂಕಪ್ಪನೂ ನಕ್ಕ. ನಕ್ಕ ಹಾಗೆ ಮಾಡಿದ, ಅಷ್ಟೇ.

ಎಲ್ಲರೂ ಹೋದ ಮೇಲೆ ಮೆಲ್ಲನೆ ನೀರಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಅಯ್ಯೋ ಶಿವನೇ! ಹಗ್ಗದ ಮೇಲೆ ಒಣಹಾಕಿದ ಚೌಕದ ಹಾಗೆ ಜೋತಾಡುತ್ತಿದೆ ನಾಲಿಗೆ! ತುದಿಯಿಂದ ಜೊಲ್ಲು ಬೇರೆ. ಇದು ಯಜಮಾನನ ಮುಖವೇ? ಅದೇ ನೀರಿನಲ್ಲಿ ಒಂದು ಬೆಳ್ಳಕ್ಕಿ ಒಂಟಿ ಕಾಲಲ್ಲಿ ಕೊಕ್ಕು ಮುಚ್ಚಿ ನಿಂತಿತ್ತು. ಆಹಾ, ಏನು ಗಾಂಭೀರ್ಯ!

'ನಾಳೆಯಿಂದ ನಾನೂ ಬಾಯಿ ಬಿಡುವುದಿಲ್ಲ' ಎಂದು ಡೊಂಕಪ್ಪ ನಿಶ್ಚಯಿಸಿದ.

ಮರುದಿನ ತುಟಿ ಬಿಗಿದುಕೊಂಡೇ ಬಂಡೆ ಹತ್ತಿದ. ಬಂಡೆ ಕಾದಂತೆ ಅಂಗಾಲು ಚುರುಗುಟ್ಟಿತು. ಒಂದೊಂದೇ ಕಾಲು ಎತ್ತಿ ಇಳಿಸೋಣವೆಂದರೆ, ಯಜಮಾನ ಕುಣಿಯುತ್ತಿದ್ದಾನೆ ಎಂದಾರು! ಹಲ್ಲು ಕಚ್ಚಿ ಹಾಗೇ ನಿಂತ. ಬಾಯಾರಿಕೆಯಾಯಿತು. ಎಲ್ಲರೆದುರು ಲೊಚಲೊಚ ನೀರು ನೆಕ್ಕಿದರೆ ಚೆನ್ನಾಗಿರುವುದಿಲ್ಲವೆಂದು ಸಂಜೆಯವರೆಗೆ ಕುಡಿಯಲೂ ಇಲ್ಲ.

ಕೆಸರಿನಲ್ಲಿ ಕತ್ತಿನವರೆಗೆ ಮುಳುಗಿದ್ದ ಮಾಳಕ್ಕ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಯಾಕೋ ಡೊಂಕಪ್ಪ, ಹಲ್ಲುನೋವಾ?"

"ಊಹೂಂ."

"ಮತ್ತೆ ಬಾಯಿ ಯಾಕೆ ಹೊಲಿದುಕೊಂಡಿದ್ದೀಯ?"

ಡೊಂಕಪ್ಪ ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದ. "ಯಜಮಾನ ಅಂದಮೇಲೆ ಒಂದು ಗತ್ತು ಬೇಡವೇ ಮಾಳಕ್ಕ?"

"ಗತ್ತಿಗೆ ಬೆಂಕಿ ಬಿತ್ತು! ನೋಡಪ್ಪ, ಬಿಸಿಲಿಗೆ ನನಗೆ ಕೆಸರು, ನಿನಗೆ ನಾಲಿಗೆ. ನಿನ್ನ ಮೈಯೊಳಗಿನ ಕಾವು ಹೊರಗೆ ಹೋಗುವ ಕಿಟಕಿಯೇ ಅದು. ಕಿಟಕಿ ಮುಚ್ಚಿ ಒಳಗೆ ಒಲೆ ಉರಿಸಿದರೆ ಉಳಿಯುತ್ತೀಯಾ? ಮಧ್ಯಾಹ್ನ ಯಾರೂ ನೀರಿಗೆ ಬರುವುದಿಲ್ಲ. ನೆರಳಿಗಾದರೂ ಹೋಗು. ಇಲ್ಲವೇ ಬಾ, ಈ ಕೆಸರಿನಲ್ಲಿ ಹೊಟ್ಟೆ ಊರಿ ಮಲಗು. ಜಾಗವಿದೆ."

"ಯಜಮಾನ ಕೆಸರಿನಲ್ಲಿ ಉರುಳಾಡಿದರೆ ನಾಳೆ ನನಗೆ ಯಾರು ಹೆದರುತ್ತಾರೆ?"

"ಇವತ್ತು ಯಾರು ಹೆದರುತ್ತಿದ್ದಾರೆ?" ಎಂದಳು ಮಾಳಕ್ಕ.

ಡೊಂಕಪ್ಪ ಮತ್ತೆ ಬಾಯಿ ಮುಚ್ಚಿದ. ಉತ್ತರ ಇಲ್ಲದಾಗ ಗಾಂಭೀರ್ಯ ಬಹಳ ಅನುಕೂಲ.

ಮೂರನೆಯ ದಿನ ನೆತ್ತಿಯ ಮೇಲೆ ಸೂರ್ಯ ನಿಂತಿದ್ದ. ಗಾಳಿ ಎಂಬುದು ಇರಲಿಲ್ಲ. ಎಲ್ಲರೂ ನೆರಳು ಹಿಡಿದು ಮಲಗಿದ್ದರು. ಬಂಡೆಯ ಮೇಲೆ ಡೊಂಕಪ್ಪ ಒಬ್ಬನೇ. ತಲೆ ಭಾರವಾಗಿತ್ತು, ಕಣ್ಣೆದುರು ಕೆರೆ ಒಂದು ಹೋಗಿ ಎರಡಾಗಿ ಕಾಣುತ್ತಿತ್ತು. 'ನನ್ನ ಆಡಳಿತದಲ್ಲಿ ಕೆರೆಯೇ ಎರಡಾಯಿತಲ್ಲ!' ಎಂದು ಆ ಸ್ಥಿತಿಯಲ್ಲೂ ಹೆಮ್ಮೆಪಟ್ಟ.

ಅಷ್ಟರಲ್ಲಿ ಆಚೆ ದಂಡೆಗೆ ಐದಾರು ಕಾಡುಹಂದಿಗಳು ನುಗ್ಗಿದವು. ಸರದಿಯೂ ಇಲ್ಲ, ಸಾಲೂ ಇಲ್ಲ. ನೀರನ್ನೆಲ್ಲ ಕಲಕಿ ರಾಡಿ ಮಾಡತೊಡಗಿದವು.

ಬೊಗಳಬೇಕು. ಬೊಗಳಲು ಬಾಯಿ ತೆರೆಯಬೇಕು. ತೆರೆದರೆ ನಾಲಿಗೆ ಹೊರಗೆ ಬೀಳುತ್ತದೆ. ಡೊಂಕಪ್ಪ ಯೋಚಿಸಿ, ಬಾಯಿ ಮುಚ್ಚಿಕೊಂಡೇ ಬೊಗಳಿದ.

"ಮ್ಮ್‌ಬುಫ್!"

ಹಂದಿಗಳು ತಲೆಯೆತ್ತಿದವು. "ಪಾಪ, ಏನೋ ಹೊಟ್ಟೆ ಸರಿಯಿಲ್ಲ ಅನ್ನಿಸುತ್ತದೆ" ಎಂದಿತು ಒಂದು. ಮತ್ತೆ ನೀರಿಗೆ ಮೂತಿ ಹಾಕಿದವು.

ಡೊಂಕಪ್ಪನಿಗೆ ರೇಗಿತು. ಬಂಡೆಯಿಂದ ಹಾರಿ ಕಾದ ಏರಿಯ ಉದ್ದಕ್ಕೂ ಓಡಿದ. ಅಂಗಾಲು ಸುಟ್ಟಿತು. ಎದೆ ಢವಢವ ಹೊಡೆದುಕೊಂಡಿತು. ಮೈಯೊಳಗೆ ಯಾರೋ ಕೆಂಡ ಸುರಿದ ಹಾಗಾಯಿತು. ಹತ್ತು ಮಾರು ಹೋಗುವಷ್ಟರಲ್ಲಿ ಹಿಂಗಾಲು ತಡವರಿಸಿತು. ಕುಡಿದವನ ಹಾಗೆ ಅತ್ತಿತ್ತ ವಾಲಿ, ದೊಪ್ಪನೆ ಬಿದ್ದ.

"ಅಯ್ಯೋ, ಯಜಮಾನರು ಬಿದ್ದರು!" ಎಂದು ಸಣ್ಣವ್ವ ಕಿರುಚಿದಳು. ಮಾಳಕ್ಕ ಕೆಸರಿನಿಂದ ಎದ್ದು ಬಂದ ರಭಸಕ್ಕೆ ಹಂದಿಗಳು ಹೇಳದೆ ಕೇಳದೆ ಓಡಿಹೋದವು.

ಡೊಂಕಪ್ಪನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಮುಟ್ಟಿದರೆ ಮೈ ಕಾದ ಹಂಚು.

"ಕೆರೆಗೆ ಎಸೆದುಬಿಡೋಣ ಮಾಳಕ್ಕ!" ಎಂದಳು ಸಣ್ಣವ್ವ.

"ಎಚ್ಚರವಿಲ್ಲದವನನ್ನು ನೀರಿಗೆ ಎಸೆದರೆ ಮುಳುಗಿಯೇ ಸಾಯುತ್ತಾನೆ. ಮೊದಲು ನೆರಳಿಗೆ!" ಮಾಳಕ್ಕ ತನ್ನ ಅಗಲವಾದ ಕೊಂಬುಗಳ ನಡುವೆ ಅವನನ್ನು ಮೆತ್ತಗೆ ಎತ್ತಿಕೊಂಡು ಹೊಂಗೆ ಮರದ ಕೆಳಗೆ ಮಲಗಿಸಿದಳು. ಬಾಲವನ್ನು ನೀರಿನಲ್ಲಿ ಅದ್ದಿ ತಂದು ಅವನ ಪಾದಗಳಿಗೆ, ಹೊಟ್ಟೆಗೆ, ಕಂಕುಳಿಗೆ ಮತ್ತೆ ಮತ್ತೆ ಚಿಮುಕಿಸಿದಳು. ಬೆಳ್ಳಕ್ಕಿ ಎರಡು ರೆಕ್ಕೆಯನ್ನೂ ಬಿಚ್ಚಿ ಬೀಸಿತು. ಸಣ್ಣವ್ವ ಬಾಯಲ್ಲಿ ನೀರು ತುಂಬಿಕೊಂಡು ಅವನ ಬಾಯಿಗೆ ಸುರಿಯಲು ಬಂದಳು.

"ಬೇಡ! ಎಚ್ಚರವಾದ ಮೇಲೆ ಅವನೇ ಕುಡಿಯಲಿ. ಈಗ ಸುರಿದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ" ಎಂದು ಮಾಳಕ್ಕ ತಡೆದಳು. ಸಣ್ಣವ್ವ ಆ ನೀರನ್ನು ಅವನ ಹೊಟ್ಟೆಯ ಮೇಲೆಯೇ ಉಗುಳಿದಳು. ಅವಳ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು.

"ನಾನು ತಮಾಷೆಗೆ ಅಂದದ್ದು ಮಾಳಕ್ಕ. ಇವನು ಪ್ರಾಣಕ್ಕೇ ಕುತ್ತು ತಂದುಕೊಳ್ಳುತ್ತಾನೆ ಅಂತ ನನಗೇನು ಗೊತ್ತು?"

ಬಹಳ ಹೊತ್ತು ಕಳೆಯಿತು. ಹೊಂಗೆಯ ನೆರಳು ಸರಿದಂತೆಲ್ಲ ಅವನನ್ನೂ ಸರಿಸಿದರು. ಕೊನೆಗೆ ಡೊಂಕಪ್ಪನ ಕಿವಿ ಅಲುಗಿತು. ದವಡೆ ಸಡಿಲವಾಯಿತು. ಬಾಯಿ ತಾನಾಗಿ ತೆರೆದುಕೊಂಡಿತು. ನಾಲಿಗೆ ಹೊರಬಂದು ಒಂದು ಗೇಣು ಜೋತುಬಿತ್ತು. ಹಹ್ಹ ಹಹ್ಹ ಎಂದು ತೇಕತೊಡಗಿದ.

"ಬಂತು! ನಾಲಿಗೆ ಬಂತು!" ಎಂದು ಸಣ್ಣವ್ವ ಕುಣಿದಾಡಿದಳು.

ಡೊಂಕಪ್ಪ ಕಣ್ಣು ಬಿಟ್ಟು ಸುತ್ತ ನೋಡಿದ. ಇಡೀ ಕಾಡೇ ಅಲ್ಲಿ ಸೇರಿತ್ತು. ಎಲ್ಲರ ಕಣ್ಣೂ ತನ್ನ ನಾಲಿಗೆಯ ಮೇಲೆ. ನಾಚಿಕೆಯಿಂದ ಒಳಗೆಳೆದುಕೊಳ್ಳಲು ಹೋದ; ಆಗಲಿಲ್ಲ.

"ಸಣ್ಣವ್ವ, ನನ್ನನ್ನು ಕ್ಷಮಿಸು ಅಂತ ನೀನು ಕೇಳಬೇಡ" ಎಂದ ಅವಳ ಒದ್ದೆ ಕಣ್ಣು ನೋಡಿ, ಕ್ಷೀಣವಾಗಿ. "ನೀನು ಒಂದು ಮಾತು ಅಂದೆ. ಅದನ್ನು ಮೂರು ದಿನ ತಲೆಯ ಮೇಲೆ ಹೊತ್ತು ತಿರುಗಿದ ಕತ್ತೆ ನಾನು." ಹಿಂದೆ ನಿಂತಿದ್ದ ಕತ್ತೆ ಮುಖ ಸಿಂಡರಿಸಿತು. "ತಪ್ಪಾಯಿತು ಕಣಪ್ಪ" ಎಂದ ಡೊಂಕಪ್ಪ. "ನಿನ್ನನ್ನು ಯಾಕೆ ಎಳೆಯಲಿ? ಇಂಥ ಬುದ್ಧಿ ನಾಯಿಗೇ ಬರಬೇಕು."

ಈ ಸಲ ಎಲ್ಲರೂ ನಕ್ಕಾಗ ಅವನೂ ನಿಜವಾಗಿಯೇ ನಕ್ಕ.

ಯಜಮಾನಿಕೆ ಬಿಡುತ್ತೇನೆ ಎಂದ. ಯಾರೂ ಒಪ್ಪಲಿಲ್ಲ. ಹಾಗಾದರೆ ಒಂದು ಹೊಸ ಕಟ್ಟಳೆ ಮಾಡುತ್ತೇನೆ ಎಂದ: ಮಧ್ಯಾಹ್ನ ಏರಿಯ ಮೇಲೆ ಯಾರೂ ಕಾಲಿಡಬಾರದು, ಯಜಮಾನನಂತೂ ಇಡಲೇಬಾರದು. ಅಂದಿನಿಂದ ಬೆಳಗ್ಗೆ ಮತ್ತು ಸಂಜೆ ತಂಪು ಹೊತ್ತಿನಲ್ಲಿ ಮಾತ್ರ ಅವನ ಪಾರುಪತ್ಯ. ಆಗಲೂ ನಡುನಡುವೆ ಇಳಿದು ಹೋಗಿ, ಎಲ್ಲರೆದುರೇ ಲೊಚಲೊಚ ನೀರು ಕುಡಿದು ಬರುತ್ತಿದ್ದ. ಬಿಸಿಲೇರಿದರೆ ಮಾಳಕ್ಕನ ಪಕ್ಕದಲ್ಲಿ ಕೆಸರಿನಲ್ಲಿ ಹೊಟ್ಟೆ ಊರಿ ಮಲಗುತ್ತಿದ್ದ.

"ಯಜಮಾನರು ಎಲ್ಲಿ?" ಎಂದು ಹೊಸದಾಗಿ ಬಂದ ಜಿಂಕೆಯೊಂದು ಒಮ್ಮೆ ಕೇಳಿತು.

"ಇಲ್ಲೇ ಇದ್ದೇನಮ್ಮ" ಎಂದಿತು ಕೆಸರಿನೊಳಗಿನಿಂದ ಒಂದು ದನಿ. "ಎಮ್ಮೆಯ ಈಚೆಗೆ ನೋಡು. ಬಾಯಿ ತೆರೆದುಕೊಂಡು ಇರುವವನೇ ನಾನು."

ನೀತಿ: ನಾಲ್ಕು ಜನ ನಕ್ಕಾರೆಂದು ಮೈಯ ಅಗತ್ಯವನ್ನು ಅದುಮಿಟ್ಟರೆ ಗತ್ತೂ ಉಳಿಯುವುದಿಲ್ಲ, ಜೀವವೂ ಉಳಿಯುವುದಿಲ್ಲ.