ಸಿವಂಗಿ ಜೋಡಿ

"ಗುರುಗಳೇ, ಒಂದು ಪ್ರಾಣಿಯನ್ನು ಯಾರೂ ಕೊಲ್ಲದಿದ್ದರೆ ಅದು ಉಳಿದ ಹಾಗೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಎರಡು ಗುಡ್ಡಸಾಲುಗಳ ನಡುವೆ ದೊಡ್ಡ ಹುಲ್ಲುಗಾವಲು ಇತ್ತು. ಅಲ್ಲಿ ಸಿವಂಗಿಗಳಿದ್ದವು. ಮೈಯೆಲ್ಲ ಚುಕ್ಕೆ, ಚಿಗರೆಯನ್ನೂ ಮೀರಿಸುವ ಓಟ. ಚರ್ಮಕ್ಕಾಗಿ ಬೇಟೆಗಾರರು ಒಂದೊಂದನ್ನೇ ಕೊಂದರು. ತಡವಾಗಿ ಎಚ್ಚೆತ್ತ ರಾಜ, ಇನ್ನು ಸಿವಂಗಿಯನ್ನು ಕೊಂದವನಿಗೆ ಗಡೀಪಾರು ಎಂದು ಡಂಗುರ ಹೊಡೆಸಿದ.

ಆ ಹುಲ್ಲುಗಾವಲಿನ ನಡುವೆ ಒಬ್ಬ ಕುರಿಗಾಹಿ ಇದ್ದ. ಮೋಟುಗೋಡೆಯ ದೊಡ್ಡಿಯಲ್ಲಿ ಬಿಟ್ಟುಹೋಗಿದ್ದ ಹಾಲುಮರಿಗಳಲ್ಲಿ ನಾಲ್ಕನ್ನು ಒಂದೇ ವಾರದಲ್ಲಿ ಸಿವಂಗಿ ಎತ್ತಿಕೊಂಡು ಹೋಯಿತು. ಕೊಲ್ಲುವ ಹಾಗಿಲ್ಲ. ಇನ್ನು ಅದರ ನೆರಳೂ ಇತ್ತ ಬೀಳಬಾರದು ಎಂದು, ತನ್ನ ಮೇವಿನ ನೆಲದ ಮೂಡಲಿಗೂ ಪಡುವಲಿಗೂ, ಈ ಗುಡ್ಡದಿಂದ ಆ ಗುಡ್ಡದವರೆಗೆ ಜಾಲಿಮುಳ್ಳಿನ ಎತ್ತರದ ಬೇಲಿ ಕಟ್ಟಿದ. ನೆಂಟರೆಲ್ಲ ಸೇರಿದರೂ ಒಂದು ವರ್ಷ ಹಿಡಿಯಿತು. ಮರಿಗಳು ಉಳಿದವು.

ಸಿವಂಗಿ ಎಷ್ಟಿವೆ ಎಂದು ನೋಡಲು ಅರಮನೆಯಿಂದ ಅಧಿಕಾರಿ ಬಂದ.

"ಮೂಡಲಿಗೆ ಒಂದು ಗಂಡು, ಪಡುವಲಿಗೆ ಒಂದು ಹೆಣ್ಣು. ಒಂದು ಜೋಡಿ ಉಂಟು, ಸ್ವಾಮಿ" ಎಂದ ಕುರಿಗಾಹಿ.

ಅಧಿಕಾರಿ 'ಒಂದು ಜೋಡಿ' ಎಂದು ಬರೆದುಕೊಂಡ. ಅದನ್ನು ಓದಿದಾಗ ಸಭೆ ಹಿಗ್ಗಿತು. ಜೋಡಿ ಇದ್ದ ಮೇಲೆ ಮರಿಯಾಗಲು ಎಷ್ಟು ಹೊತ್ತು?

ಸಿವಂಗಿ ಗರ್ಜಿಸುವುದಿಲ್ಲ, ಹಕ್ಕಿಯ ಹಾಗೆ ಕೂಗುತ್ತದೆ. ಬೆದೆಗಾಲದಲ್ಲಿ ಮೂಡಲಿಂದ ಒಂದು ಕೂಗು, ಪಡುವಲಿಂದ ಅದಕ್ಕೆ ಓಗೊಡುವ ಇನ್ನೊಂದು. ಉಣ್ಣೆ ನೂಲುತ್ತಿದ್ದ ಕುರಿಗಾಹಿಯ ಹೆಂಡತಿ ಕೈ ನಿಲ್ಲಿಸಿದಳು.

"ಅಲ್ರೀ, ಗಂಡ ಅತ್ತ, ಹೆಂಡ್ತಿ ಇತ್ತ, ನಡುವೆ ನಮ್ಮ ಬೇಲಿ. ಇದೆಂಥ ಜೋಡಿ?"

"ಸುಮ್ನಿರೇ. ಅರಮನೆಯವರು ಕೇಳಿದ್ದು ಎಷ್ಟಿವೆ ಅಂತ. ಮದುವೆ ಆಗಿದೆಯಾ ಅಂತ ಕೇಳಿದ್ರಾ?"

ಅವಳು ನಕ್ಕಳು. ಅವನೂ ನಕ್ಕ.

ಏಳು ವರ್ಷ ಅವು ಕೂಗಿದವು. ಎಂಟನೆಯ ವರ್ಷ ಮೂಡಲ ಕೂಗು ಕೇಳಲಿಲ್ಲ. ಹೆಣ್ಣು ಇನ್ನೊಂದು ವರ್ಷ ಕೂಗಿತು. ಎರಡೂ ಮುದಿಯಾಗಿಯೇ ಸತ್ತವು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಆ ರಾಜ್ಯದಲ್ಲಿ ಮತ್ತೆ ಯಾರೂ ಸಿವಂಗಿಯನ್ನು ಕಾಣಲಿಲ್ಲ. ಆಜ್ಞೆ ಮುರಿಯದ ಕುರಿಗಾಹಿಗೆ ರಾಜ ಶಾಲು ಹೊದಿಸಿದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನದೇನು ತಪ್ಪು ಗುರುಗಳೇ? ತನ್ನ ಮರಿಗಳನ್ನು ಅವನು ಕಾಪಾಡಿಕೊಳ್ಳಬಾರದಿತ್ತೇ?"

"ಕಾಪಾಡಿಕೊಳ್ಳಬೇಕಿತ್ತು" ಎಂದರು ಗುರುಗಳು. "ದೊಡ್ಡಿಗೆ ಬೇಲಿ ಹಾಕಿದ್ದರೆ ಸಾಕಿತ್ತು."